ಮೂರನೇ ಹಾಸಿಗೆಯ ಎರಡನೇ ಓದುಗರು

ಆ ಆಸ್ಪತ್ರೆಯಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಸರ್ಜನ್‌ವರೆಗೆ ಎಲ್ಲರ ಬಾಯಲ್ಲೂ ಅವಳು ‘ಸೊಸೆ’. ಕಾರಣ ಅವಳ ಅತ್ತೆ. ಅತ್ತೆ ಅದೇ ಆಸ್ಪತ್ರೆಯ ವಾರ್ಡನ್ನು ಮೂವತ್ತು ವರ್ಷ ಆಳಿ ನಿವೃತ್ತರಾದ ಹೆಡ್ ನರ್ಸ್, ‘ದೊಡ್ಡ ಸಿಸ್ಟರ್’. ಅವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಯಾರಾದರೂ ಬೆಡ್‌ಶೀಟಿನ ಮೂಲೆಯನ್ನು ಸೊಟ್ಟಗೆ ಮಡಚಿದರೆ, ‘ದೊಡ್ಡ ಸಿಸ್ಟರ್ ನೋಡಿದ್ರೆ ಅಷ್ಟೇ’ ಎನ್ನುವ ಮಾತು ವಾರ್ಡಿನಲ್ಲಿ ಇನ್ನೂ ಚಾಲ್ತಿಯಲ್ಲಿತ್ತು.

ಸೊಸೆಯ ಕೆಲಸ ದಾಖಲೆ ಕೋಣೆಯಲ್ಲಿ. ಒಂದು ಪಕ್ಕಕ್ಕೆ ಎಕ್ಸ್‌ರೇ, ಇನ್ನೊಂದು ಪಕ್ಕಕ್ಕೆ ಬಟ್ಟೆ ಒಗೆಯುವ ಯಂತ್ರಗಳು. ಯಂತ್ರ ಗಿರಗಿರ ತಿರುಗಿದಾಗಲೆಲ್ಲ ಕೋಣೆಯ ಕಪಾಟುಗಳೂ ಸಣ್ಣಗೆ ನಡುಗುತ್ತಿದ್ದವು. ಮನೆಗೆ ಹೋದ ರೋಗಿಗಳ ಫೈಲು ಅವಳ ಮೇಜಿಗೆ ಬರುತ್ತಿತ್ತು. ಅವಳು ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಕೇಂದ್ರ ಕಚೇರಿಯವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೆಕ್ಕಿ ಕಂಪ್ಯೂಟರಿಗೆ ಹಾಕಬೇಕು. ಎದೆನೋವೆಂದು ಬಂದವರಿಗೆ ಕೂಡಲೇ ಆಸ್ಪಿರಿನ್ ಕೊಟ್ಟರೇ? ಸಿಗರೇಟು ಬಿಡಿ ಎಂದು ಹೇಳಿದರೇ? ಮನೆಗೆ ಕಳಿಸುವಾಗ ಯಾವ ಮಾತ್ರೆ ಯಾವಾಗ ಎಂದು ತಿಳಿಸಿಕೊಟ್ಟರೇ? ಹೀಗೆ. ಈ ಉತ್ತರಗಳನ್ನೆಲ್ಲ ಕೂಡಿಸಿ, ಯಾವ ಆಸ್ಪತ್ರೆ ರೋಗಿಗಳನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂದು ಅಲ್ಲಿ ಕೂತವರು ತೀರ್ಮಾನ ಮಾಡುತ್ತಿದ್ದರು.

ಒಂದು ದಿನ ಮ್ಯಾನೇಜರು ಮುಖ ಸಪ್ಪೆ ಮಾಡಿಕೊಂಡು ಬಂದರು. ಕೇಂದ್ರ ಕಚೇರಿಯವರು ಇವಳು ಓದಿದ್ದ ಕೆಲವು ಫೈಲುಗಳನ್ನು ತರಿಸಿಕೊಂಡು ತಾವೂ ಓದಿದ್ದರಂತೆ. ಮೂರರಲ್ಲಿ ಒಂದು ಉತ್ತರ ತಾಳೆಯಾಗಲಿಲ್ಲವಂತೆ.

"ಇನ್ಮೇಲೆ ಒಂದೊಂದು ಫೈಲನ್ನೂ ಇಬ್ಬರು ಬೇರೆ ಬೇರೆ ಕೂತು ಓದ್ಬೇಕಂತೆ ಕಣಮ್ಮ. ಆಮೇಲೆ ಇಬ್ಬರ ಉತ್ತರ ಪಕ್ಕಪಕ್ಕ ಇಟ್ಟು ನೋಡ್ಬೇಕಂತೆ. ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಹಾಗೇ ಮಾಡ್ತಾರಂತೆ."

"ಅಲ್ಲಿ ಇಬ್ಬರಿದಾರೆ ಸಾರ್. ಇಲ್ಲಿ ನಾನೊಬ್ಬಳೇ."

"ಅದಕ್ಕೂ ಒಂದು ದಾರಿ ಹುಡುಕಿದೀನಿ," ಎಂದರು ಮ್ಯಾನೇಜರು. ಆದರೆ ಆ ದಾರಿ ಯಾವುದೆಂದು ಹೇಳದೆ ಬಾಗಿಲ ಕಡೆ ನಡೆದರು. ಬಾಗಿಲು ದಾಟಿದ ಮೇಲೆ, ಓಡಲು ಅನುಕೂಲವಾದ ಜಾಗದಲ್ಲಿ ನಿಂತು, "ನಿಮ್ಮತ್ತೆ ಒಪ್ಕೊಂಡಿದಾರೆ," ಎಂದರು.

ಸೊಸೆಗೆ ಅತ್ತೆಯ ಮೇಲೆ ದ್ವೇಷವೇನೂ ಇರಲಿಲ್ಲ. ಅತ್ತೆಯೂ ಕೆಟ್ಟವರಲ್ಲ. ಆದರೆ ನಿವೃತ್ತಿಯಾದ ಮೇಲೆ ಆಳಲು ವಾರ್ಡಿಲ್ಲದೆ ಅವರು ಅಡುಗೆಮನೆ ಆಳತೊಡಗಿದ್ದರು. ಚಮಚಗಳು ಉದ್ದದ ಪ್ರಕಾರ ನಿಲ್ಲಬೇಕು, ಒರೆಸುವ ಬಟ್ಟೆ ಬಣ್ಣದ ಪ್ರಕಾರ ತೂಗಬೇಕು. ಇಂಥದರಲ್ಲಿ ಸೊಸೆಗೆ ದಾಖಲೆ ಕೋಣೆಯೇ ತವರುಮನೆ. ಈಗ ತವರಿಗೂ ಅತ್ತೆ ಬರುತ್ತಾರೆಂದರೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಸೋಮವಾರ ಬೆಳಿಗ್ಗೆ ದೊಡ್ಡ ಸಿಸ್ಟರ್ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕನ್ನಡಕಕ್ಕೆ ಹೊಸ ದಾರ ಕಟ್ಟಿಕೊಂಡು ಬಂದರು. ಗೋಡೆಗೆ ಮುಖ ಮಾಡಿ ಹಾಕಿದ್ದ ಎರಡನೇ ಮೇಜನ್ನು ಬಾಗಿಲ ಕಡೆಗೆ ತಿರುಗಿಸಿದರು. ಒಂದು ವಾರ ಅತ್ತೆ ಸೊಸೆ ಬೆನ್ನಿಗೆ ಬೆನ್ನು ಮಾಡಿ ಓದಿದರು. ಒಬ್ಬರ ಉತ್ತರ ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ. ಶನಿವಾರ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟಾಗ ಎತ್ತು ಏರಿಗೆ ಎಳೆದಿತ್ತು, ಕೋಣ ನೀರಿಗೆ ಎಳೆದಿತ್ತು. ಕೇಂದ್ರ ಕಚೇರಿಯವರ ಜೊತೆ ಆದಷ್ಟು ತಾಳೆಯೂ ಮನೆಯವರ ಜೊತೆ ಆಗಿರಲಿಲ್ಲ.

"ಇಲ್ಲಿ ನೋಡಿ ಅತ್ತೆ," ಎಂದು ಸೊಸೆ ಬೆರಳಿಟ್ಟಳು. "ಸಿಗರೇಟು ಬಿಡೋಕೆ ಹೇಳಿದ್ರಾ ಅಂತ ಪ್ರಶ್ನೆ. ನೀವು ಹೌದು ಅಂತ ಹಾಕಿದೀರ. ಫೈಲಲ್ಲಿ ಎಲ್ಲಿದೆ?"

"ಫೈಲಲ್ಲಿ ಯಾಕಿರ್ಬೇಕು? ಆ ದಿನ ಡ್ಯೂಟಿಲಿದ್ದೋಳು ಉದ್ದ ಜಡೆಯವಳು. ಸಿಗರೇಟು ವಾಸನೆ ಬಂದ್ರೆ ಅವಳು ಹೆತ್ತಪ್ಪನನ್ನೂ ಬಿಡಲ್ಲ. ಹೇಳೇ ಹೇಳಿರ್ತಾಳೆ."

"ಹೇಳಿರ್ತಾಳೆ ಅನ್ನೋದು ಬೇರೆ, ಹೇಳಿದಾಳೆ ಅನ್ನೋದು ಬೇರೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೆ? ಆ ಹುಡುಗಿನ ತಯಾರು ಮಾಡಿದ್ದೇ ನಾನು."

"ಬರೆದಿಲ್ಲ ಅಂದ್ರೆ ನಡೆದಿಲ್ಲ ಅಂತಾನೇ ಲೆಕ್ಕ, ಅತ್ತೆ. ನಿಯಮ ಅದು. ಗೊತ್ತಿರೋದಕ್ಕೆಲ್ಲ ಇಲ್ಲಿ ಜಾಗ ಇಲ್ಲ."

ದೊಡ್ಡ ಸಿಸ್ಟರ್ ಸೊಸೆಯ ಉತ್ತರದ ಹಾಳೆಗಳನ್ನು ಎಳೆದುಕೊಂಡು ಒಂದೊಂದಾಗಿ ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು. ಮುಖದಲ್ಲಿ ಬೆಣ್ಣೆಯಂಥ ನಗು ಹರಡಿತು.

"ಈ ಎಪ್ಪತ್ತು ವರ್ಷದ ತಾತನಿಗೆ ಹೆರಿಗೆ ಯಾವಾಗಂತೆ?"

ಸೊಸೆ ಬಗ್ಗಿ ನೋಡಿದಳು. ‘ಗರ್ಭಿಣಿಯೇ?’ ಎಂಬ ಪ್ರಶ್ನೆಗೆ ಅವಳು ‘ಹೌದು’ ಎಂದು ಹಾಕಿದ್ದಳು. ಫೈಲು ತೆಗೆದು ನೋಡಿದರೆ ಅಲ್ಲಿಯೂ ಹೌದು ಎಂದೇ ಇತ್ತು. ಡಾಕ್ಟರು ‘ಸಕ್ಕರೆ ಕಾಯಿಲೆ’ಯ ಮುಂದೆ ಹಾಕಬೇಕಾದ ಗುರುತನ್ನು ಒಂದು ಸಾಲು ಕೆಳಗೆ ಹಾಕಿಬಿಟ್ಟಿದ್ದರು.

"ಬರೆದಿದೆ ಅತ್ತೆ," ಎಂದಳು ಸಣ್ಣ ದನಿಯಲ್ಲಿ.

"ಬರೆದಿದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು. ತಾತನ ಹೆಂಡತಿಗೆ ಹೇಳಿ ಕಳಿಸು, ಬಾಣಂತನದ ತಯಾರಿ ಮಾಡ್ಕೊಳ್ಲಿ."

ಪಕ್ಕದ ಎಕ್ಸ್‌ರೇ ಕೋಣೆಯಿಂದ ಯಾರೋ ಕಿಸಕ್ಕೆಂದ ಸದ್ದು ಕೇಳಿತು. ಸೊಸೆಯ ಕಿವಿ ಕೆಂಪಾಯಿತು.

ಜಗಳ ಆಸ್ಪತ್ರೆಯ ಗೇಟು ದಾಟಿ ಮನೆಗೂ ಬಂತು. ರೋಗಿಗಳ ವಿಷಯ ಮನೆಯಲ್ಲಿ ಆಡಬಾರದೆಂಬ ನಿಯಮವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಹಾಗಾಗಿ ಜಗಳಕ್ಕೆ ಬೇರೆ ವಸ್ತು ಬೇಕಾಯಿತು.

"ಪಲ್ಯಕ್ಕೆ ಉಪ್ಪು ಹಾಕಿದ್ಯಾ?" ಎಂದು ಅತ್ತೆ ಕೇಳಿದರು.

"ಹಾಕಿದೀನಿ."

"ಬರೆದಿಟ್ಟಿದ್ಯಾ? ಬರೆದಿಲ್ಲ ಅಂದ್ರೆ ಹಾಕಿಲ್ಲ ಅಂತಾನೇ ಲೆಕ್ಕ." ಹೀಗೆಂದು ಅವರು ಇನ್ನೊಂದು ಚಮಚ ಉಪ್ಪು ಸುರಿದರು.

ಊಟಕ್ಕೆ ಕೂತ ಮಗ, ಅಂದರೆ ಸೊಸೆಯ ಗಂಡ, ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಒಲೆಯ ಮುಂದೆ ಬೆಂದು ಬಂದವನಿಗೆ ಮನೆಯಲ್ಲೂ ಅದೇ ಕಾವು. ಒಂದು ತುತ್ತು ಬಾಯಿಗಿಟ್ಟವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಯಾರ ಪರ ಮಾತಾಡಿದರೂ ನಾಳೆಯ ಊಟವೂ ಹೀಗೇ ಇರುತ್ತದೆಂದು ಅವನಿಗೆ ಗೊತ್ತಿತ್ತು. ಎರಡು ಲೋಟ ನೀರು ಕುಡಿದು, "ಇವತ್ತು ತುಂಬಾ ರುಚಿಯಾಗಿದೆ," ಎಂದು ಎದ್ದುಹೋದ.

ಇದೆಲ್ಲ ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ದೊಡ್ಡ ಸಿಸ್ಟರ್ ಯಾವುದೋ ಫೈಲು ಹಿಡಿದು ವಾದಿಸುತ್ತಲೇ ಎದ್ದು ನಿಂತರು. ನಿಂತವರು ಮಾತಿನ ನಡುವೆ ಸುಮ್ಮನಾದರು. ಮೂವತ್ತು ವರ್ಷದಲ್ಲಿ ಅವರು ಮಾತಿನ ನಡುವೆ ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಸೊಸೆ ತಿರುಗಿ ನೋಡುವಷ್ಟರಲ್ಲಿ ಅವರು ಕಪಾಟು ಹಿಡಿದುಕೊಂಡು ಕುಸಿಯುತ್ತಿದ್ದರು. ಅವಳು ಕುರ್ಚಿ ತಳ್ಳಿ ಹಾರಿ ಹೋಗಿ ತೋಳಿಗೆ ತೋಳು ಕೊಟ್ಟಳು.

"ಕಪಾಟು ನಡುಗ್ತಾ ಇದೆ," ಎಂದರು ಅತ್ತೆ.

ಬಟ್ಟೆ ಒಗೆಯುವ ಯಂತ್ರಗಳು ನಿಂತು ಒಂದು ಗಂಟೆಯಾಗಿತ್ತು. ಸೊಸೆ ಬಾಗಿಲ ಕಡೆ ತಿರುಗಿ ಡಾಕ್ಟರನ್ನು ಕೂಗಿದಳು.

ರಕ್ತದೊತ್ತಡ ಮೇಲೇರಿತ್ತು. ದೊಡ್ಡ ಸಿಸ್ಟರನ್ನು ಅವರದೇ ಹಳೆಯ ವಾರ್ಡಿನ ಮೂರನೇ ಹಾಸಿಗೆಯಲ್ಲಿ ಮಲಗಿಸಿದರು. ಸಂಜೆಯ ಹೊತ್ತಿಗೆ ತಲೆಸುತ್ತು ಇಳಿಯಿತು, ನಾಲಿಗೆ ಏರಿತು. ದಿಂಬಿನ ಚೀಲದ ಬಾಯಿ ಬಾಗಿಲ ಕಡೆಗಿರಬಾರದು ಎಂದು ಒಬ್ಬಳನ್ನು ಕರೆದು ಸರಿಮಾಡಿಸಿದರು. ಉದ್ದ ಜಡೆಯವಳು ನಾಡಿ ಹಿಡಿದಾಗ, "ಗಡಿಯಾರ ನೋಡೇ, ನನ್ನ ಮುಖ ಏನು ನೋಡ್ತೀಯ," ಎಂದರು. ಅವಳಿಗೆ ತನ್ನ ನಾಡಿಯೇ ಜೋರಾಗಿ ಕೇಳತೊಡಗಿತು.

ಹೊಸದಾಗಿ ಬಂದಿದ್ದ ಯುವ ಡಾಕ್ಟರು ಫೈಲು ಹಿಡಿದು ಬಂದು ವಿನಯದಿಂದ ವಿಚಾರಿಸಿದರು.

"ಬಿಪಿ ಮಾತ್ರೆ ದಿನಾ ತಗೊಳ್ತೀರಲ್ವಾ ಸಿಸ್ಟರ್?"

"ತಗೊಳ್ದೆ?" ಎಂದರು ದೊಡ್ಡ ಸಿಸ್ಟರ್. ಆ ಒಂದು ಪದವನ್ನು ಅವರು ಹೇಳಿದ ಗತ್ತಿಗೆ ಡಾಕ್ಟರು ಮುಂದೆ ಕೇಳಲಿಲ್ಲ. ‘ಮಾತ್ರೆ ದಿನವೂ ತೆಗೆದುಕೊಳ್ಳುತ್ತಾರೆ’ ಎಂದು ಬರೆದರು. ದಿನವೂ ತೆಗೆದುಕೊಂಡೂ ಒತ್ತಡ ಇಷ್ಟಿದೆ ಎಂದರೆ ಒಂದು ಮಾತ್ರೆ ಸಾಲದು ಎಂದಲ್ಲವೇ? ಹಾಗಾಗಿ ಹಳೆಯ ಮಾತ್ರೆಯ ಜೊತೆಗೆ ಇನ್ನೊಂದು ಜೋರಿನ ಮಾತ್ರೆಯನ್ನೂ ಮರುದಿನದಿಂದ ಕೊಡಬೇಕೆಂದು ಬರೆದಿಟ್ಟರು.

"ಇಲ್ಲಿಯ ಶೀಟಿನಲ್ಲಿ ಸೋಪಿನ ಪುಡಿ ಹಾಗೇ ಇದೆ, ಮೈ ಕಡಿಯುತ್ತೆ. ಮನೆಯಿಂದ ನನ್ನ ಶೀಟು ತಗೊಂಡ್ಬಾ," ಎಂದು ಅತ್ತೆ ಸೊಸೆಯನ್ನು ಅಟ್ಟಿದರು. ಕೀಲಿಕೈ ಕೊಡುವಾಗ ಅವರಿಗೆ ಏನೋ ನೆನಪಾದಂತೆ ಕೈ ಹಿಂದೆ ಸರಿಯಿತು. ಆದರೆ ಮೈ ಕಡಿತ ಗೆದ್ದಿತು.

ಸೊಸೆ ಅತ್ತೆಯ ಬೀರು ತೆರೆದದ್ದು ಅದೇ ಮೊದಲು. ಒಳಗೆ ಎಲ್ಲವೂ ಔಷಧಿ ಅಂಗಡಿಯಂತೆ ಓರಣ. ಮೇಲಿನ ಶೀಟು ಎಳೆದಳು. ಅದರ ಕೆಳಗೆ ಬಿಪಿ ಮಾತ್ರೆಯ ಪಟ್ಟಿಗಳು ಸಾಲಾಗಿ ಕೂತಿದ್ದವು. ಮೊದಲು ಅವಧಿ ಮುಗಿಯುವುದು ಮುಂದೆ, ಆಮೇಲೆ ಮುಗಿಯುವುದು ಹಿಂದೆ, ವಾರ್ಡಿನಲ್ಲಿ ಅವರು ಎಲ್ಲರಿಗೂ ಕಲಿಸಿದ್ದ ಹಾಗೆಯೇ. ತಿಂಗಳು ತಿಂಗಳೂ ತನ್ನ ಗಂಡ ತಂದುಕೊಟ್ಟಿದ್ದೆಲ್ಲ ಅಲ್ಲೇ ಇತ್ತು. ಒಂದು ಪಟ್ಟಿಯನ್ನು ಬಿಟ್ಟು ಇನ್ನೊಂದನ್ನೂ ಬಿಚ್ಚಿರಲಿಲ್ಲ.

ಮೊದಲು ಅವಳಿಗೆ ನಗು ಬಂತು. ಅತ್ತೆಯ ಕಾಲ ಮುಗಿದು ಸೊಸೆಯ ಕಾಲ ಬಂತು ಎಂದುಕೊಂಡಳು. ಇಷ್ಟು ದಿನದ ಉಪ್ಪಿಗೂ, ತಾತನ ಹೆರಿಗೆಗೂ ಸೇರಿಸಿ ತೀರಿಸಿಕೊಳ್ಳಬಹುದಿತ್ತು. ಆದರೆ ಮಂಚದ ಮೇಲೆ ಕೂತು ಶೀಟು ಮಡಚುವಾಗ, ಕಪಾಟು ಹಿಡಿದುಕೊಂಡಿದ್ದ ಆ ಮುದಿ ಬೆರಳುಗಳು ನೆನಪಾಗಿ ನಗು ತಾನಾಗಿಯೇ ಇಳಿದುಹೋಯಿತು.

ತಲೆಸುತ್ತು, ಎದೆನೋವು ಎಂದು ಸೇರಿದವರ ಫೈಲು ಎರಡನೇ ದಿನವೇ ದಾಖಲೆ ಕೋಣೆಗೆ ಬಂದುಹೋಗಬೇಕು ಎನ್ನುವುದು ಹೊಸ ನಿಯಮ. ಮರುದಿನ ಬೆಳಿಗ್ಗೆ ಸೊಸೆ ಮೇಜಿಗೆ ಬರುವಷ್ಟರಲ್ಲಿ ಅತ್ತೆಯ ಫೈಲು ಕಾದು ಕೂತಿತ್ತು. ಅವಳು ಅದನ್ನು ತೆರೆಯದೆ ಹಾಗೇ ಎತ್ತಿಕೊಂಡು ಮ್ಯಾನೇಜರ ಬಳಿ ಹೋದಳು.

"ಸಾರ್, ಮನೆಯವರ ಫೈಲು ಮನೆಯವರು ಓದೋ ಹಾಗಿಲ್ಲ."

"ಸರಿ, ಹಾಗಾದ್ರೆ ಎರಡನೇ ಓದುಗರಿಗೆ ಕೊಡಿ," ಎಂದರು ಮ್ಯಾನೇಜರು ತಲೆ ಎತ್ತದೆ.

"ಎರಡನೇ ಓದುಗರು ಮೂರನೇ ಹಾಸಿಗೆಲಿದಾರೆ ಸಾರ್. ಇದು ಅವರದೇ."

ಮ್ಯಾನೇಜರು ಪೆನ್ನು ಕೆಳಗಿಟ್ಟರು. ಇದ್ದ ಇಬ್ಬರಲ್ಲಿ ಒಬ್ಬರು ರೋಗಿ, ಇನ್ನೊಬ್ಬರು ರೋಗಿಯ ಸೊಸೆ. ಸಣ್ಣ ಆಸ್ಪತ್ರೆಯ ಕಷ್ಟವೆಲ್ಲ ಆ ಒಂದು ಫೈಲಿನಲ್ಲಿ ಬಂದು ಕೂತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸ್ವಲ್ಪ ಹೊತ್ತು ಯೋಚಿಸಿ, "ನೀವೇ ಓದಿ. ಸಂಬಂಧ ಏನು ಅಂತ ಕೆಳಗೆ ಬರೆದ್ಬಿಡಿ. ಕೇಂದ್ರ ಕಚೇರಿಯವರು ಬೇಕಿದ್ರೆ ಇನ್ನೊಂದ್ಸಲ ಓದ್ಕೊಳ್ಲಿ," ಎಂದರು.

ಸೊಸೆ ಓದಿದಳು. ‘ಮೊದಲಿನ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೇ?’ ಎಂಬ ಪ್ರಶ್ನೆಗೆ ಬಂದು ನಿಂತಳು. ಫೈಲಿನಲ್ಲಿ ‘ದಿನವೂ’ ಎಂದು ದುಂಡಗೆ ಬರೆದಿತ್ತು. ಅವಳದೇ ನಿಯಮದ ಪ್ರಕಾರ ಬರೆದದ್ದನ್ನು ಬರೆದುಕೊಂಡರೆ ಕೆಲಸ ಮುಗಿಯಿತು, ಕೇಂದ್ರ ಕಚೇರಿಯವರು ಎಷ್ಟು ಸಲ ಓದಿದರೂ ತಾಳೆಯಾಗುತ್ತದೆ. ಕೈ ಹೌದು ಎಂಬ ಕಡೆಗೆ ಹೋಯಿತು, ಹಿಂದೆ ಬಂತು. ಆಗಲೇ ಅದರ ಕೆಳಗಿನ ಸಾಲು ಕಂಡಿತು. ಇವತ್ತಿನಿಂದ ಎರಡು ಮಾತ್ರೆ. ಒಂದನ್ನೂ ತೆಗೆದುಕೊಳ್ಳದವರ ಮೈಗೆ ಒಮ್ಮೆಲೇ ಎರಡು ಬಿದ್ದರೆ ಒತ್ತಡ ಧಡಕ್ಕನೆ ಕೆಳಗಿಳಿಯುತ್ತದೆಂದು ತಿಳಿಯಲು ಅವಳು ನರ್ಸ್ ಆಗಿರಬೇಕಿರಲಿಲ್ಲ. ಅಂಥ ಫೈಲುಗಳನ್ನು ಅವಳು ಎಷ್ಟೋ ಓದಿದ್ದಳು.

ಫೈಲು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ವಾರ್ಡಿನ ಆ ತುದಿಯಲ್ಲಿ ಉದ್ದ ಜಡೆಯವಳು ಮಾತ್ರೆಯ ಗಾಡಿ ತಳ್ಳಿಕೊಂಡು ಮೊದಲನೇ ಹಾಸಿಗೆಯ ಹತ್ತಿರ ಬಂದಿದ್ದಳು. ಸೊಸೆ ಅವಳಿಗೆ, "ಮೂರನೇದಕ್ಕೆ ಈಗಲೇ ಕೊಡಬೇಡಿ ಸಿಸ್ಟರ್, ಡಾಕ್ಟ್ರ ಹತ್ರ ಒಂದು ಮಾತು ಕೇಳೋದಿದೆ," ಎಂದು ಹೇಳಿ, ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತಳು.

"ಅತ್ತೆ, ನಿಮ್ಮ ಫೈಲಲ್ಲಿ ಒಂದು ಉತ್ತರ ಸರಿ ಇಲ್ಲ."

"ಏನು ಬರೆದಿದೆ?"

"ದಿನಾ ಮಾತ್ರೆ ತಗೊಳ್ತಾರೆ ಅಂತ."

ದೊಡ್ಡ ಸಿಸ್ಟರ್ ಚಾವಣಿಯ ಫ್ಯಾನು ನೋಡಿದರು. "ಬರೆದಿದೆ ತಾನೆ? ಬರೆದದ್ದನ್ನ ಬರ್ಕೊ. ದಿನಾ ನಂಗೆ ಇದೇ ಪಾಠ ಹೇಳ್ತಿದ್ದೋಳು ಯಾರು?"

"ಆದ್ರೆ ನಂಗೆ ಗೊತ್ತಿದೆಯಲ್ಲ."

"ಗೊತ್ತಿರೋದಕ್ಕೆ ಇಲ್ಲಿ ಜಾಗ ಇಲ್ಲ ಅಂದೋಳೂ ನೀನೇ."

"ಶೀಟಿನ ಕೆಳಗೆ ಇತ್ತು ಅತ್ತೆ. ಸಾಲಾಗಿ."

ಅತ್ತೆಯ ದೃಷ್ಟಿ ಫ್ಯಾನು ಬಿಟ್ಟು ಇಳಿಯಲಿಲ್ಲ. "ಎಲ್ಲಾ ತಾರೀಕಿನ ಪ್ರಕಾರ ಇತ್ತಾ?" ಎಂದರು.

"ಇತ್ತು. ಒಂದೂ ಆಚೀಚೆ ಆಗಿರ್ಲಿಲ್ಲ."

ಇಬ್ಬರಿಗೂ ನಗು ಬಂತು. ಇಬ್ಬರೂ ಅದನ್ನು ತಡೆದುಕೊಂಡರು. ಆಮೇಲೆ ದೊಡ್ಡ ಸಿಸ್ಟರ್ ದನಿ ತಗ್ಗಿಸಿ ಹೇಳಿದರು.

"ಮೊದಲ ವಾರ ತಗೊಂಡೆ ಕಣೆ. ಆ ಮಾತ್ರೆ ತಗೊಂಡ್ರೆ ಒಂದಕ್ಕೆ ಹೋಗ್ತಾನೇ ಇರ್ಬೇಕು. ಆವತ್ತು ಅಕ್ಕನ ಮನೆಗೆ ಬಸ್ಸಲ್ಲಿ ಹೊರಟಿದ್ದೆ. ಮೂರು ಸಲ ಬಸ್ಸು ನಿಲ್ಲಿಸ್ದೆ. ಮೂರನೇ ಸಲ ಹತ್ತಿ ಕೂತಾಗ ಡ್ರೈವರು ಕನ್ನಡೀಲಿ ನೋಡ್ಕೊಂಡು, ‘ಅಜ್ಜಿ, ನಿಮ್ಮ ಸ್ಟಾಪು ಇನ್ನೂ ಎಷ್ಟಿದೆ’ ಅಂತ ಕೇಳ್ದ. ಬಸ್ಸಿಗೆ ಬಸ್ಸೇ ನಕ್ಕಿತು. ಅದರಲ್ಲಿ ಅರ್ಧ ಜನಕ್ಕೆ ಸೂಜಿ ಚುಚ್ಚಿದೋಳು ನಾನು. ನನ್ನ ಕಂಡ್ರೆ ಎದ್ದು ಸೀಟು ಬಿಡ್ತಿದ್ದೋರು. ಆಮೇಲೆ ಆ ಪಟ್ಟಿ ಮುಟ್ಟೋಕೆ ಮನಸ್ಸು ಬರ್ಲಿಲ್ಲ."

"ಬೇರೆ ಮಾತ್ರೆ ಕೇಳ್ಬಹುದಿತ್ತಲ್ಲ?"

"ಕೇಳೋಕೆ ಕಾರಣ ಹೇಳ್ಬೇಕಲ್ಲ. ಈ ಹುಡುಗರ ಮುಂದೆ?"

ಸೊಸೆ ಫೈಲನ್ನು ತೊಡೆಯ ಮೇಲೆ ಮುಚ್ಚಿಟ್ಟಳು. ಒಳಗೊಳಗೇ ಅವಳಿಗೆ ಭಯವಿತ್ತು. ಇವರು ಹಟಕ್ಕೆ ಬಿದ್ದರೆ ತಾನೇ ಡಾಕ್ಟರಿಗೆ ಹೇಳಬೇಕಾಗುತ್ತದೆ, ಹೇಳಿದರೆ ಈ ಜನ್ಮದಲ್ಲಿ ಕ್ಷಮೆಯಿಲ್ಲ. ಆದರೂ ಹೇಳುವುದೆಂದೇ ನಿರ್ಧರಿಸಿದ್ದಳು.

"ನಾನಾಗಿ ಫೈಲು ತಿದ್ದೋ ಹಾಗಿಲ್ಲ ಅತ್ತೆ. ಸುಳ್ಳು ಅಂತ ಗೊತ್ತಿದ್ದೂ ಬರ್ಕೊಳ್ಳೋ ಹಾಗೂ ಇಲ್ಲ. ಡಾಕ್ಟ್ರು ಬರ್ಲಿ, ನೀವೇ ಹೇಳಿ. ನೀವು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ. ಬಸ್ಸಿನ ವಿಷಯ ಬಿಟ್ಟು."

"ಎಷ್ಟು ಧೈರ್ಯ ನಿಂಗೆ," ಎಂದರು ಅತ್ತೆ. ಅದರಲ್ಲಿ ಸಿಟ್ಟು ಎಷ್ಟು, ಮೆಚ್ಚುಗೆ ಎಷ್ಟು ಎಂದು ಸೊಸೆಗೆ ತಿಳಿಯಲಿಲ್ಲ.

ಡಾಕ್ಟರು ಬಂದರು. ಗಾಡಿಯೂ ಅಲ್ಲೇ ನಿಂತಿತ್ತು. ದೊಡ್ಡ ಸಿಸ್ಟರ್ ದಿಂಬಿಗೆ ಒರಗಿ ನೆಟ್ಟಗೆ ಕೂತರು. ಹಿಂದೆ ವಾರ್ಡ್ ಸುತ್ತುವಾಗ ಹೇಗೆ ನಿಲ್ಲುತ್ತಿದ್ದರೋ ಹಾಗೆ.

"ಡಾಕ್ಟ್ರೇ, ನಿನ್ನೆ ನೀವು ಕೇಳಿದ ಪ್ರಶ್ನೆನ ಸ್ವಲ್ಪ ಬದಲಾಯಿಸಿ ಕೇಳಿ. ದಿನಾ ತಗೊಳ್ತೀರಾ ಅಂತ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ? ಕೊನೇ ಮಾತ್ರೆ ಯಾವಾಗ ತಗೊಂಡ್ರಿ ಅಂತ ಕೇಳಿ."

ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಗಂಭೀರವಾಗಿ, "ಕೊನೇ ಮಾತ್ರೆ ಯಾವಾಗ ತಗೊಂಡ್ರಿ ಸಿಸ್ಟರ್?" ಎಂದರು.

"ಹೋದ ವರ್ಷ."

ಉದ್ದ ಜಡೆಯವಳ ಕೈಯಲ್ಲಿದ್ದ ಮಾತ್ರೆಯ ಲೋಟ ಟಣ್ಣೆಂದಿತು. ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ಹಾಸಿಗೆಯ ತುದಿಯಲ್ಲಿ ಕೂತು ಯಾಕೆಂದು ಕೇಳಿದರು. ದೊಡ್ಡ ಸಿಸ್ಟರ್ ಮೊದಲು, "ಒಗ್ಗಲಿಲ್ಲ" ಎಂದರು. ಸೊಸೆಯ ಮುಖ ನೋಡಿ ಗಂಟಲು ಸರಿಮಾಡಿಕೊಂಡು, ಬಸ್ಸಿನ ಕಥೆಯನ್ನೂ ಹೇಳಿಬಿಟ್ಟರು. ಡ್ರೈವರಿನ ಮಾತು ಬಂದಾಗ ಡಾಕ್ಟರು ಫೈಲು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಫೈಲು ಸಣ್ಣಗೆ ಅಲುಗುತ್ತಿತ್ತು.

"ನಮ್ಮಮ್ಮನೂ ಇದೇ ಮಾತ್ರೆ ಬಿಟ್ಟಿದ್ರು, ಇದೇ ಕಾರಣಕ್ಕೆ," ಎಂದರು ಫೈಲು ಇಳಿಸಿ. "ನಂಗೆ ಹೊಳೀಬೇಕಿತ್ತು. ಇದರ ಬದಲು ಬೇರೆ ಇದೆ, ಅದರಲ್ಲಿ ಈ ಕಾಟ ಇಲ್ಲ. ಒಂದೇ ಸಾಕು, ಸಣ್ಣದರಿಂದ ಶುರು ಮಾಡೋಣ." ನಿನ್ನೆಯ ಸಾಲಿನ ಮೇಲೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಿದರು. ಫೈಲನ್ನು ಸೊಸೆಯ ಕೈಗೆ ಕೊಡುತ್ತ, "ಇನ್ನು ಬರ್ಕೊಳ್ಳಿ," ಎಂದರು.

ಸೊಸೆ ಕೆಳಗೆ ಹೋಗಿ ‘ಇಲ್ಲ’ ಎಂದು ಬರೆದುಕೊಂಡಳು.

ನಾಲ್ಕು ದಿನದಲ್ಲಿ ಒತ್ತಡ ಹದಕ್ಕೆ ಬಂತು. ಮನೆಗೆ ಬಂದ ಮೇಲೆ ಒಂದು ವಾರ ಸುಮ್ಮನಿದ್ದ ಅತ್ತೆ, ಸೊಸೆ ಕೆಲಸಕ್ಕೆ ಹೊರಟ ಒಂದು ಬೆಳಿಗ್ಗೆ ತಾವೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿಕೊಂಡು ಒಂದು ಒಪ್ಪಂದಕ್ಕೆ ಬಂದರು. ಅತ್ತೆ ಇಲ್ಲದ್ದನ್ನು ಇದೆ ಎಂದು ಊಹಿಸುವಂತಿಲ್ಲ. ಸೊಸೆ ಬರೆದಿದೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಅನುಮಾನ ಬಂದರೆ, ಬರೆದವರು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಕೇಳುವುದು. ತಿದ್ದುವುದಿದ್ದರೆ ಅವರೇ ತಿದ್ದಬೇಕು. ಯಾವ ಪ್ರಶ್ನೆಗೆ ಏನರ್ಥ ಎಂಬುದನ್ನೂ ಕೂತು ಮಾತಾಡಿಕೊಂಡರು. ‘ಬಂದ ಕೂಡಲೇ’ ಎಂದರೆ ಗೇಟಿಗೆ ಬಂದ ಕೂಡಲೇಯೋ, ಹಾಸಿಗೆಗೆ ಬಂದ ಕೂಡಲೇಯೋ ಎಂಬ ಒಂದಕ್ಕೇ ಒಂದಿಡೀ ಬೆಳಗು ಹೋಯಿತು. ಕೊನೆಗೆ ಕೇಂದ್ರ ಕಚೇರಿಗೇ ಫೋನು ಮಾಡಿದರು. ಅತ್ತ ಕಡೆಯ ಹೆಂಗಸು, "ನಮ್ಮಲ್ಲೂ ಇದರ ಬಗ್ಗೆ ಜಗಳ ಇದೆ," ಎಂದಳು. ಅತ್ತೆ ಸೊಸೆ ಇಬ್ಬರಿಗೂ ಅವತ್ತು ಊಟ ರುಚಿಸಿತು.

ಇದಾದ ಮೇಲೆ ಅವರಿಬ್ಬರೂ ಒಂದು ಫೈಲು ಹಿಡಿದು ಮೆಟ್ಟಿಲು ಹತ್ತುವುದು ಆಸ್ಪತ್ರೆಯಲ್ಲಿ ನಿತ್ಯದ ನೋಟವಾಯಿತು. ಮುಂದೆ ದೊಡ್ಡ ಸಿಸ್ಟರ್, ಮಂಡಿ ಹಿಡಿದುಕೊಂಡು. ಹಿಂದೆ ಸೊಸೆ, ಫೈಲು ಹಿಡಿದುಕೊಂಡು. ಅವರ ಚಪ್ಪಲಿಯ ಸದ್ದು ಕೇಳಿದರೆ ಶೀಟಿನ ಕಪಾಟಿನ ಹಿಂದೆ ಯಾರಾದರೂ ಸರಿದುಕೊಳ್ಳುತ್ತಿದ್ದರು. ಒಮ್ಮೆ ಸರ್ಜನ್ನರೇ ಲಿಫ್ಟು ಬರುವವರೆಗೆ ಕಾಯದೆ ಹಿಂದಿನ ಮೆಟ್ಟಿಲಿಳಿದು ಹೋದರೆಂದು ಸುದ್ದಿ. ಆದರೆ ತಪ್ಪಿಸಿಕೊಳ್ಳಲು ಇನ್ನೂ ಸುಲಭದ ದಾರಿಯೊಂದಿದೆ ಎಂದು ಕ್ರಮೇಣ ಎಲ್ಲರಿಗೂ ಹೊಳೆಯಿತು. ಅದು ಮೊದಲೇ ಸರಿಯಾಗಿ ಬರೆಯುವುದು.

ಕೇಂದ್ರ ಕಚೇರಿಯವರು ಮತ್ತೊಮ್ಮೆ ಫೈಲು ತರಿಸಿಕೊಂಡು ಓದಿದಾಗ ಬಹುಪಾಲು ಎಲ್ಲ ಉತ್ತರವೂ ತಾಳೆಯಾಯಿತು. ಏನು ಉಪಾಯ ಮಾಡಿದಿರಿ, ಬೇರೆ ಸಣ್ಣ ಆಸ್ಪತ್ರೆಗಳಿಗೂ ತಿಳಿಸುತ್ತೇವೆ ಎಂದು ಮ್ಯಾನೇಜರಿಗೆ ಫೋನು ಬಂತು. ಮ್ಯಾನೇಜರು ಬಹಳ ಯೋಚಿಸಿ, "ಒಂದು ಅತ್ತೆ ಬೇಕಾಗುತ್ತೆ, ಒಂದು ಸೊಸೆ ಬೇಕಾಗುತ್ತೆ," ಎಂದರು. ಅತ್ತ ಕಡೆಯವರು ಅದನ್ನು ತಮಾಷೆ ಎಂದು ತಿಳಿದು ನಕ್ಕರು.

ಅದೇ ಹೊತ್ತಿಗೆ ಮೇಲಿನ ವಾರ್ಡಿನಲ್ಲಿ ಉದ್ದ ಜಡೆಯವಳು, ಮನೆಗೆ ಹೊರಟ ಒಬ್ಬ ದಪ್ಪ ಮೀಸೆಯವರನ್ನು ಹಾಸಿಗೆಯ ಮೇಲೆ ಮತ್ತೆ ಕೂರಿಸಿ ಸಿಗರೇಟಿನ ಬಗ್ಗೆ ಬುದ್ಧಿ ಹೇಳುತ್ತಿದ್ದಳು. ಅವರು, "ಆಗಲೇ ಹೇಳಿದ್ರಲ್ಲ ಸಿಸ್ಟರ್, ಎರಡು ಸಲ," ಎಂದು ಬೇಡಿಕೊಂಡರು.

"ಹೇಳಿದೆ ಸಾರ್," ಎಂದಳು ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ, "ಬರೆಯೋದು ಮರೆತಿದ್ದೆ. ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ."